ಬೆಳ್ಯಪ್ಪಜ್ಜ ಯಾರೆಂದು ಕೊನೆಗೂ ಗೊತ್ತಾಯಿತು

ಕೊಡಗಿನ ನಮ್ಮ ಗೌಡ ಕುಟುಂಬದಲ್ಲಿ ಬೆಳ್ಯಪ್ಪಜ್ಜ ಅಂದರೆ ಬ್ರಿಟಿಷರ ವಿರುದ್ಧದ 1837ರ ದಂಗೆಯವರು. ಕಲ್ಯಾಣಪ್ಪನ ಕಾಟಕಾಯಿ ಎಂದು ಜನ ಕರೆಯುವ ಆ ದಂಗೆಯಲ್ಲಿ ಮಂಗಳೂರಿನವರೆಗೆ ಹೋಗಿ, ದಂಡು ಚದುರಿದ ಮೇಲೆ ಕಾಡಲ್ಲಿ ತಲೆಮರೆಸಿಕೊಂಡು, ಬದುಕಿ ಬಂದದ್ದಕ್ಕೆ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಕಾಲುದೀಪ ಮಾಡಿಸಿಕೊಟ್ಟರು ಅಂತ ದೊಡ್ಡಪ್ಪ ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದಾರೆ. ಸಾಕ್ಷಿ ಏನೆಂದರೆ ದೀಪದ ಬುಡದಲ್ಲಿ ‘ಹೇವಿಳಂಬಿ ಸಂ’ ಎಂದು ಕೊರೆದಿದೆ. 1837 ಹೇವಿಳಂಬಿ ಸಂವತ್ಸರವೇ. ಅಲ್ಲಿಗೆ ಎಲ್ಲರ ಬಾಯಿ ಬಂದ್. ನಾನೊಬ್ಬ ಮಾತ್ರ ಇದು ಕೂಡುವುದಿಲ್ಲ ಅಂದೆ. ಕಾವೇರಿ ಸಂಕ್ರಮಣಕ್ಕೆ ಸೇರಿದ್ದವರೆಲ್ಲ ನಕ್ಕರು. ಈಗ ಯಾರೂ ನಗುತ್ತಿಲ್ಲ.

ಅನುಮಾನ ಹುಟ್ಟಿಸಿದ್ದು ಕೋವಿ ಫೈಲು. ವಂಶವೃಕ್ಷ ಹುಡುಕುವವರು ಮೊದಲು ಮನೆಯ ಕೋವಿ ವಿನಾಯಿತಿ ಕಾಗದ (ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡುವುದು) ತೆಗೆದು ನೋಡಬೇಕು ಅಂತ ನಾನು ಸುಮಾರು ಜನರಿಗೆ ಹೇಳಿದ್ದೇನೆ, ಕೇಳುವವರು ಕಡಿಮೆ. ಜಮ್ಮಾ ಹಿಡುವಳಿಯ (ರಾಜರ ಕಾಲದಿಂದ ಕಡಿಮೆ ಕಂದಾಯಕ್ಕೆ ವಂಶಕ್ಕೆ ಬಂದ ಭೂಮಿ) ಮೇಲೆ ವಿನಾಯಿತಿ ಕೇಳಿದ ಕಡೆಯಲ್ಲೆಲ್ಲ ಯಾರೋ ಒಬ್ಬರು ವಂಶಾವಳಿ ಬರೆಸಿ, ಶಾನುಭೋಗರ ಸಹಿ ಹಾಕಿಸಿ ಇಟ್ಟಿರುತ್ತಾರೆ. ನಮ್ಮದರ ಹಿಂದೆ ಹಳೆಯ ಅರ್ಜಿಯೊಂದರ ನಕಲು ಪಿನ್ ಹೊಡೆದಿತ್ತು. 1905ರ ಆಸುಪಾಸಿನದು. ವರ್ಗದ, ಅಂದರೆ ಕಂದಾಯ ಲೆಕ್ಕದಲ್ಲಿನ ಹಿಡುವಳಿಯ, ಹೆಸರು ಬದಲಾಯಿಸಿಕೊಡಿ ಎಂದು ಬೆಳ್ಯಪ್ಪ ಬೇಡಿಕೊಂಡು ಹೆಬ್ಬೆಟ್ಟು ಒತ್ತಿದ್ದಾರೆ. 1837ರಲ್ಲಿ ಇಪ್ಪತ್ತು ವರ್ಷ ಅಂತಿಟ್ಟುಕೊಂಡರೂ ಅರ್ಜಿ ಕೊಡುವಾಗ ತೊಂಬತ್ತರ ಹತ್ತಿರ. ದೊಡ್ಡಪ್ಪನ ಉತ್ತರ ಸಿದ್ಧವಿತ್ತು: ‘ಕಣಿಲೆ, ಏಡಿ ತಿಂದವರಪ್ಪಾ, ನೂರು ವರ್ಷ ಬದುಕ್ತಿದ್ರು.’

ದುಡ್ಡು ಕಳೆದ ಕಥೆಯನ್ನೂ ಹೇಳಬೇಕು. ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿರುವವನು. ಹಳೆ ಸೆನ್ಸಸ್‌ನಲ್ಲಿ ಅಜ್ಜನ ಹೆಸರು ತೆಗೆಸಿಕೊಡುತ್ತೇನೆಂದ ಯಾರೋ ಏಜೆಂಟನಿಗೆ ಇಪ್ಪತ್ತೈದು ಸಾವಿರ ಕೊಟ್ಟ. ಬಂದದ್ದು 1901ರ ಕೊಡಗಿನ ಅಂಕಿಅಂಶದ ನಾಲ್ಕು ಪುಟದ ಜೆರಾಕ್ಸ್! ಕೊಡಗಿನಲ್ಲಿ 1871ರಿಂದ ಗಣತಿ ಆಗಿದೆ, ಸರಿ. ಆದರೆ ನಮಗೆ ಸಿಗುವುದು ಕೋಷ್ಟಕಗಳು, ಮನೆಮನೆಯ ಹೆಸರಿನ ಪಟ್ಟಿಯಲ್ಲ. 1948ರ ಕಾಯ್ದೆ ಬಂದ ಮೇಲಿನ ಗಣತಿಗಳ ಹಾಳೆಗಳನ್ನಂತೂ ಕಾನೂನೇ ಮುಚ್ಚಿಟ್ಟಿದೆ. ಇಂಗ್ಲೆಂಡಿನವರು ಸೆನ್ಸಸ್‌ನಲ್ಲಿ ಮುತ್ತಜ್ಜನನ್ನು ಹುಡುಕಿದ ವಿಡಿಯೋ ನೋಡಿ ಇಲ್ಲಿ ದುಡ್ಡು ಸುರಿಯಬೇಡಿ.

ಹಾಗಂತ ಆ ಕೋಷ್ಟಕ ಪೂರ್ತಿ ದಂಡ ಎಂದೂ ಅಲ್ಲ. 1901ರಲ್ಲಿ 1 ಲಕ್ಷ 80 ಸಾವಿರ ಚಿಲ್ಲರೆ ಇದ್ದ ಕೊಡಗಿನ ಜನ 1921ಕ್ಕೆ 1 ಲಕ್ಷ 64 ಸಾವಿರದ ಹತ್ತಿರಕ್ಕೆ ಇಳಿದರು. ನಡುವೆ 1918ರ ಇನ್‌ಫ್ಲುಯೆಂಜಾ ಜ್ವರ ಬಂದು ಹೋಗಿದೆ. ನಮ್ಮ ವಂಶಾವಳಿಯಲ್ಲಿ ಒಂದು ಕವಲು ಅದೇ ಹೊತ್ತಿಗೆ ಕಡಿದು ನಿಂತಿದೆ, ಗಂಡುಮಕ್ಕಳ ಹೆಸರಿನ ಮುಂದೆ ಏನೂ ಇಲ್ಲ. ಅವರು ಮೈಸೂರಿಗೆ ಹೋದರು, ಮಲಯಕ್ಕೆ ಹೋದರು ಅಂತ ಹುಡುಕುವುದನ್ನು ಅಲ್ಲಿಗೆ ಬಿಟ್ಟೆ.

ನಾನೂ ಒಂದು ಆಟ ಆಡಿದೆ, ಎಂಜಲು ಕಳಿಸುವ ಡಿಎನ್ಎ ಕಿಟ್. ಎಂಟೊಂಬತ್ತು ಸಾವಿರ. ನನಗೆ ದೂರದ ನೆಂಟರು ನೂರಾರು ಜನ ಇದ್ದಾರೆಂದು ತಿಳಿಸಿತು. ಮಡಿಕೇರಿಯಲ್ಲಿ ಒಂದು ಮದುವೆಗೆ ಹೋಗಿದ್ದರೆ ಊಟದ ಜೊತೆ ಅಷ್ಟೂ ಗೊತ್ತಾಗುತ್ತಿತ್ತು.

ಕೆಲಸ ಕೊಟ್ಟದ್ದು ಕಂದಾಯದ ಲೆಕ್ಕ. ಸಬ್‌ರಿಜಿಸ್ಟ್ರಾರ್ ಕಚೇರಿಯ ಇಂಡೆಕ್ಸ್ ತಿರುವಿ ಏನೂ ಸಿಗಲಿಲ್ಲ ಅಂತ ಕೈಚೆಲ್ಲುವವರೇ ಹೆಚ್ಚು. ಜಮ್ಮಾ ಭೂಮಿಯನ್ನು ಹಾಗೆಲ್ಲ ಮಾರುವಂತಿರಲಿಲ್ಲ, ಕ್ರಯಪತ್ರ ಎಲ್ಲಿಂದ ಬರಬೇಕು? ಪಟ್ಟೆದಾರ, ಅಂದರೆ ಭೂಮಿ ಯಾರ ಹೆಸರಿನಲ್ಲಿದೆಯೋ ಆ ಮನೆಯ ಯಜಮಾನ, ಸತ್ತು ಹೆಸರು ಬದಲಾದ ವರ್ಷದ ಕಡತ ಕೇಳಬೇಕು. ಅದು ಯಾವ ಕಪಾಟಿನಲ್ಲಿರುತ್ತದೆ, ಯಾವ ಹೆಸರಿನಲ್ಲಿ ಕೇಳಿದರೆ ಹೊರಗೆ ಬರುತ್ತದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅಷ್ಟಕ್ಕೆ ನಾನು ಬಹಳ ಕಾಫಿ ಕುಡಿಸಿದ್ದೇನೆ. ಹಳೆಯ ತಾಲೂಕುಗಳ ಹೆಸರು ಮಾತ್ರ ಬಾಯಲ್ಲಿರಲಿ: ಪಾಡಿನಾಲ್ಕುನಾಡು, ಯೆಡೆನಾಲ್ಕುನಾಡು, ಕಿಗ್ಗಟ್ಟುನಾಡು. ಈಗಿನ ತಾಲೂಕು ಹೇಳಿದರೆ ತಪ್ಪು ಕಟ್ಟು ಬರುತ್ತದೆ.

ಕಟ್ಟು ಬಿಚ್ಚಿದಾಗ ನನ್ನ ಕಣ್ಣು ಹೋದದ್ದು ಹೆಸರಿನ ಮೇಲಲ್ಲ, ದರದ ಮೇಲೆ. ಆಗ ಗದ್ದೆಗೆ 100 ಬಟ್ಟಿಗೆ (ಗದ್ದೆಯ ಹಳೆಯ ಅಳತೆ) ಜಮ್ಮವಾದರೆ 5 ರೂಪಾಯಿ, ಸಾಗುವಾದರೆ (ಪೂರ್ತಿ ಕಂದಾಯದ ಸಾಮಾನ್ಯ ಹಿಡುವಳಿ) 10. ಐನ್‌ಮನೆಯ ಮುಂದಿನ ಗದ್ದೆಗೆ ಐದರ ದರ, ಬೆಳ್ಯಪ್ಪನದೆಂದು ಪ್ರತ್ಯೇಕ ಬರೆದ ಹೊಳೆಬದಿಯ ಗದ್ದೆಗೆ ಹತ್ತರ ದರ. ರಾಜರ ಕಾಲದಿಂದ ಜಮ್ಮ ಹಿಡಿದ ಮನೆಯ ಹಿರಿಮಗ ತನ್ನ ಹೆಸರಿಗೆ ಸಾಗು ಗದ್ದೆ ಯಾಕೆ ಮಾಡಿಸಿಕೊಂಡ? ಹೊರಗಿನಿಂದ ಬಂದವನು ಮಾಡುವ ಕೆಲಸ ಅದು. ಶಾಯಿ ಮಾಸಿದ ಕಡೆ ಮೊಬೈಲಿನಲ್ಲಿ ಫೋಟೋ ತೆಗೆದು, ಕೆಂಪು, ಹಸಿರು ಬಣ್ಣ ತೆಗೆದುಹಾಕಿ ಬರೀ ನೀಲಿ ಉಳಿಸಿ ನೋಡಿ, ಅಕ್ಷರ ಎದ್ದು ಬರುತ್ತದೆ. ಮೋಡಿ ಅಕ್ಷರ (ಹಳೆ ಕಾಗದಗಳ ಕೂಡುಬರಹ) ಓದುವವರಿಗೆ ಪುಟಕ್ಕೆ ಮುನ್ನೂರರಂತೆ ಕೊಟ್ಟೆ, ಅದು ದಂಡವಾಗಲಿಲ್ಲ.

ಆಮೇಲೆ ಬಳಿ ಲೆಕ್ಕ. ಬಳಿ ಅಂದರೆ ಗೋತ್ರದ ಹಾಗೆ, ಒಂದೇ ಬಳಿಯವರು ಅಣ್ಣತಮ್ಮಂದಿರ ಲೆಕ್ಕ. ಬೆಳ್ಯಪ್ಪಜ್ಜನ ಹೆಂಡತಿ ‘ಮೇಲ್ಮನೆ’ ಮಗಳು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಮೇಲ್ಮನೆ ನಮ್ಮದೇ ಬಳಿಯ ಕವಲು. ನಮ್ಮ ಗೌಡರಲ್ಲಿ ಒಂದೇ ಬಳಿಯೊಳಗೆ ಹೆಣ್ಣು ತರುತ್ತಾರೆಯೇ? ಆಗಿನ ಕಾಲದಲ್ಲಿ ಅಷ್ಟೆಲ್ಲ ನೋಡುತ್ತಿರಲಿಲ್ಲ ಅಂತ ಚಿಕ್ಕಪ್ಪ. ಈಗಲೇ ನೋಡುತ್ತೇವೆ, ಆಗ ನೋಡುತ್ತಿರಲಿಲ್ಲವೆ! ಲೆಕ್ಕವನ್ನು ತಿರುಗಿಸಿ ಹಾಕಿದೆ. ಮನೆ ಹೆಂಡತಿಯದು, ಬಳಿ ಹೆಂಡತಿಯದು, ಜಮ್ಮಾ ಹೆಂಡತಿಯ ತಂದೆಯದು. ಗಂಡುಸಂತಾನ ಇಲ್ಲದ ಮನೆಗೆ ಅಳಿಯನಾಗಿ ಬಂದು ನಿಂತವನು ಬೆಳ್ಯಪ್ಪ. ಮಕ್ಕಳು ತಾಯಿಯ ಬಳಿಗೇ ನಿಂತರು. ಸಾಗು ಗದ್ದೆಯೂ ಕೂಡಿತು, 1905ರ ಅರ್ಜಿಯೂ ಕೂಡಿತು.

ಎಲ್ಲಿಂದ ಬಂದ? ಅಮರ ಸುಳ್ಯ, ಪುತ್ತೂರು 1834ರವರೆಗೆ ಕೊಡಗಿನ ರಾಜರ ಕೆಳಗೇ ಇದ್ದವು, ಕಂಪನಿಯವರು ತೆಗೆದು ಕನ್ನಡ ಜಿಲ್ಲೆಗೆ ಸೇರಿಸಿದರು. ಗಡಿ ಬದಲಾದರೂ ನೆಂಟಸ್ತಿಕೆ ನಿಲ್ಲಲಿಲ್ಲ. ಹಾಗಾಗಿ ಸಂಪಾಜೆ ಘಟ್ಟ ಇಳಿದು ಸುಳ್ಯದ ಕಡೆಯ ಕುಟುಂಬಗಳನ್ನು ಕೇಳುತ್ತ ಹೋದೆ. ಮೊದಲು ಹೋದ ಮನೆಗಳಲ್ಲಿ ಪೆಟ್ರೋಲು ಖರ್ಚು, ಎಳನೀರು, ಅಷ್ಟೇ. ಜಾಗದ ಪಾಲು ಕೇಳಲು ಬಂದವನೆಂದು ಒಂದು ಮನೆಯಲ್ಲಿ ನಾಯಿ ಬಿಡುವುದೊಂದು ಬಾಕಿ. ಕೊನೆಗೆ ಒಂದು ಮನೆಯಲ್ಲಿ ಗುರುಕಾರ್ನೋರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಬಡಿಸುವಾಗ ಒಂದು ಎಲೆ ಹೆಚ್ಚಿಗೆ ಹಾಕುತ್ತಾರೆಂದು ತಿಳಿಯಿತು. ಯಾರಿಗೆಂದರೆ ‘ಘಟ್ಟ ಹತ್ತಿದವನಿಗೆ’. ಹೆಸರು ಕೇಳಿದೆ. ಅಜ್ಜಿಯೊಬ್ಬರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ, ‘ಬೆಳ್ಯಪ್ಪ, ಮತ್ತ್ಯಾರು’ ಅಂದರು.

ದೊಡ್ಡಪ್ಪ ಅದಕ್ಕೂ ಬಗ್ಗಲಿಲ್ಲ. ದೀಪ ಏನು ಹೇಳುತ್ತದೆ ಎಂದರು. ಸರಿ, ದೀಪಕ್ಕೇ ಬಂದೆ. ಹುಣಸೆಹುಳಿ ಹಾಕಿ ಉಜ್ಜಿ ಉಜ್ಜಿ ಹೇವಿಳಂಬಿಯ ಮುಂದಿನ ಸಾಲು ಸವೆದು ಹೋಗಿತ್ತು. ಅಕ್ಕಿಹಿಟ್ಟು ಬಳಿದು ನೋಡಿದೆ, ಗೀರುಗಳೆಲ್ಲ ಬೆಳ್ಳಗಾಗಿ ಇನ್ನೂ ಗೊಂದಲ. ರಾತ್ರಿ ಕರೆಂಟು ಹೋಗಿದ್ದಾಗ ಟಾರ್ಚನ್ನು ನೆಲಕ್ಕೆ ತಾಗಿಸಿ ಪಕ್ಕದಿಂದ ಬಿಟ್ಟೆ. ನೆರಳಿನಲ್ಲಿ ಒಂದೊಂದೇ ಅಕ್ಷರ ಕಂಡಿತು: ‘ಪುಷ್ಯ ಬ 30’, ಅದರ ಮುಂದೆ ‘ಗ್ರಹಣ ಪುಣ್ಯಕಾಲ’. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, 1897 ಕೂಡ ಹೇವಿಳಂಬಿಯೇ. ‘ಬ 30’ ಅಂದರೆ ಬಹುಳದ ಕೊನೆ, ಅಮಾವಾಸ್ಯೆ. ಆ ವರ್ಷದ ಪುಷ್ಯ ಅಮಾವಾಸ್ಯೆ ಅಂದರೆ 1898ರ ಜನವರಿ 22, ಶನಿವಾರ. ಅವತ್ತು ಸೂರ್ಯಗ್ರಹಣ. ರತ್ನಾಗಿರಿ ಕಡೆ ಖಗ್ರಾಸ, ನಮ್ಮಲ್ಲಿ ಪಾರ್ಶ್ವ. ಹಿಂದಿನ ಹೇವಿಳಂಬಿಯ ಪುಷ್ಯದಲ್ಲಿ, 1838ರ ಜನವರಿಯಲ್ಲಿ, ಸೂರ್ಯಗ್ರಹಣವೇ ಇಲ್ಲ. ದಂಗೆಗೂ ಈ ದೀಪಕ್ಕೂ ಸಂಬಂಧವಿಲ್ಲ.

ಹಾಗಾದರೆ ದಂಗೆಗೆ ಹೋದವರು ಯಾರೂ ಇರಲಿಲ್ಲವೇ? ಇರಬಹುದು, ಮಾವನ ಕಡೆಯ ಹಿರಿಯರೊಬ್ಬರ ಮೇಲೆ ನನಗೆ ಕಣ್ಣಿದೆ. ಕಾಗದ ಸಿಕ್ಕ ಮೇಲೆ ಮಾತು.

ಒಟ್ಟು ನನ್ನ ಕೈಯಿಂದ ಮೂವತ್ತು ಸಾವಿರದ ಆಚೀಚೆ ಹೋಯಿತು, ಡಿಎನ್ಎ ಸೇರಿಸಿ. ಕುಟುಂಬದ ಫಂಡಿನಿಂದ ಕೊಡಿಸಿ ಅಂತ ದೊಡ್ಡಪ್ಪನನ್ನು ಕೇಳಿದ್ದಕ್ಕೆ, ‘ಇದ್ದ ವೀರನನ್ನು ತೆಗೆದು ಮನೆ ಅಳಿಯನನ್ನು ತಂದು ಕೂರಿಸಿದ್ದಕ್ಕೆ ದುಡ್ಡು ಬೇರೆ ಕೊಡಬೇಕಾ?’ ಎಂದರು. ಜೆರಾಕ್ಸಿನ ದುಡ್ಡು ಮಾತ್ರ ಕೊಟ್ಟಿದ್ದಾರೆ.