ಊಟದ ಗಂಟೆ ಹೊಡೆಯುವಾಗ ಹೋಗಿ ನೋಡಿ

ಆಟಿಸಂ (ಸ್ವಲೀನತೆ) ಇರುವ ಮಗನಿಗಾಗಿ ನಾನು ಐದು ಶಿಶುವಿಹಾರ ಸುತ್ತಿದೆ. ಮೊದಲ ಮೂರಕ್ಕೆ ಹೋಗಿದ್ದು ಹಾಡಿನ ಹೊತ್ತಿಗೆ. ಮಕ್ಕಳೆಲ್ಲ ಚಾಪೆ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಮೂರೂ ಚೆನ್ನಾಗೇ ಕಂಡವು. ಆದರೆ ನನ್ನ ಮಗನಿಗೆ ಹಾಡು ಕಷ್ಟವಲ್ಲ, ಹಾಡು ಬಿಟ್ಟು ಊಟಕ್ಕೆ ಏಳುವುದು ಕಷ್ಟ. ಆಟಿಸಂ ಇರುವ ಬಹಳ ಮಕ್ಕಳು ಹೀಗೇ.

ಹಾಗಾಗಿ ಆಟ ಮುಗಿಸಿ ಒಳಗೆ ಬರುವಾಗ, ಊಟಕ್ಕೆ ಕೈ ತೊಳೆಯುವಾಗ ಹೋಗಿ. ಒಪ್ಪಿಗೆ ಕೇಳಿ, ಮೂಲೆಯಲ್ಲಿ ಅರ್ಧ ಗಂಟೆ ಸುಮ್ನೆ ಕೂತಿರಿ. 'ಇನ್ನೈದು ನಿಮಿಷ ಅಷ್ಟೇ' ಎಂದು ಟೀಚರ್ ಮೊದಲೇ ಹೇಳುತ್ತಾರಾ? ದಿನಚರಿಯನ್ನು ಚಿತ್ರದಲ್ಲಿ ತೋರಿಸುತ್ತಾರಾ? ನಾಲ್ಕನೇ ಕಡೆ ಅಂಥ ಚಿತ್ರಗಳಿದ್ದವು, ಮಕ್ಕಳು ಕತ್ತೆತ್ತಿದರೂ ಕಾಣದಷ್ಟು ಮೇಲೆ! ಅದು ಬಂದವರಿಗೆ ತೋರಿಸಲು, ಅಲ್ವಾ?

ಶೌಚಾಲಯವನ್ನೂ ನೋಡಿ. ಕೈ ಒಣಗಿಸುವ ಯಂತ್ರದ ಸದ್ದಿಗೆ ಹೆದರಿ ನಮ್ಮವನು ದಿನವಿಡೀ ತಡೆದುಕೊಂಡಿರುತ್ತಾನೆ. ಸದ್ದು ಜಾಸ್ತಿಯಾದಾಗ ಮಗು ಹೋಗಿ ಕೂರಲು ಒಂದು ಮೂಲೆ ಬೇಕು. ಅದು ಶಿಕ್ಷೆಯ ಮೂಲೆ ಆಗಿರಬಾರದು.

'ಇಂಥ ಮಕ್ಕಳ ಅನುಭವ ಇದೆಯಾ' ಎಂದು ಕೇಳಬೇಡಿ. ಎಲ್ಲರೂ ಇದೆ ಎನ್ನುತ್ತಾರೆ. 'ಹೋದ ಸಲ ಮಗುವೊಂದು ನೆಲಕ್ಕೆ ಬಿದ್ದು ಕಿರುಚಿದಾಗ ಏನು ಮಾಡಿದಿರಿ' ಎಂದು ಕೇಳಿ. ಒಬ್ಬರು 'ಸ್ವಲ್ಪ ಗದರಿದರೆ ಸರಿಹೋಗುತ್ತೆ' ಎಂದರು. ಐದನೇ ಕಡೆಯವರು, 'ಪಕ್ಕದಲ್ಲಿ ಕೂತೆ, ಮಾತಾಡಲಿಲ್ಲ. ಉಳಿದವರನ್ನು ಸಹಾಯಕಿ ಹೊರಗೆ ಕರೆದೊಯ್ದರು' ಎಂದರು. ಕೋಣೆಯಲ್ಲಿ ಇಬ್ಬರು ದೊಡ್ಡವರಿರುತ್ತಾರೆ ಎಂಬುದೂ ಆಗಲೇ ಗೊತ್ತಾಯಿತು.

'ಹೈ ಫಂಕ್ಷನಿಂಗ್', ಅಂದರೆ ಆಟಿಸಂ ಇದ್ದರೂ ಮಾತು-ಬುದ್ಧಿ ಚುರುಕು, ಎಂಬ ಮಾತನ್ನು ನಾನೀಗ ಶಾಲೆಯಲ್ಲಿ ಹೇಳುವುದಿಲ್ಲ. ವೈದ್ಯರ ಪಟ್ಟಿಯಲ್ಲಿ ಅಂಥ ಕಾಯಿಲೆಯ ಹೆಸರೇ ಇಲ್ಲ. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5 ಮೊದಲು ಬೇರೆ ಹೆಸರಾಗಿದ್ದ ಆಸ್ಪರ್ಜರ್ ಅನ್ನೂ 'ಆಟಿಸಂ ಸ್ಪೆಕ್ಟ್ರಂ' ಎಂಬ ಒಂದೇ ಹೆಸರಿನೊಳಗೆ ಸೇರಿಸಿತು. ಆ ಮಾತು ಕೇಳಿದ ಟೀಚರ್ 'ಜಾಣ ಹುಡುಗ, ಬೇಕಂತಲೇ ಹಟ ಮಾಡ್ತಾನೆ' ಅಂದುಕೊಳ್ಳುತ್ತಾರೆ. ನನ್ನ ಮಗ ಗಡಿಯಾರ ನೋಡಿ ಹೊತ್ತು ಹೇಳುತ್ತಾನೆ. ಬಾಯಾರಿದರೆ ನೀರು ಕೇಳಲು ಅವನಿಗೆ ಬರುವುದಿಲ್ಲ. ಈ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ.

ಸೇರಿಸಿದ ಮೇಲೆ 'ಇಲ್ಲಿ ತುಂಬಾ ಶಾಂತ' ಎಂದು ಅವರು ಹೇಳಿ, ಮನೆಯಲ್ಲಿ ಸಂಜೆಯೆಲ್ಲ ಅಳು ನಡೆದರೆ ಸುಮ್ಮನಿರಬೇಡಿ. ದಿನವಿಡೀ ಬಿಗಿಹಿಡಿದದ್ದು ಮನೆಗೆ ಬಂದು ಒಡೆಯುತ್ತಿರಬಹುದು. ಹೊತ್ತು ಕಡಿಮೆ ಮಾಡಲು ಕೇಳಿ. ನಮ್ಮವನು ಮೊದಲ ತಿಂಗಳು ಹೋಗಿದ್ದು ದಿನಕ್ಕೆ ಒಂದೂವರೆ ಗಂಟೆ ಮಾತ್ರ.