ನೆಲ ನೋಡಿ ವೀಲ್ ಡಾಲಿ: ಮನೆಯ ಗ್ಯಾರೇಜಿನಲ್ಲಿ ಪದ್ಮಿನಿಯನ್ನು ಅಡ್ಡಕ್ಕೆ ಸರಿಸಿದ ಅನುಭವ

ಮೈಸೂರಿನ ನಮ್ಮ ಹಳೆಯ ಮನೆಯ ಗ್ಯಾರೇಜು 24 ಅಡಿ ಉದ್ದ, ಒಂಬತ್ತೂವರೆ ಅಡಿ ಅಗಲವಿದೆ. ಅದರಲ್ಲಿ ತಂದೆಯವರು ಕೊಂಡ 1986ರ ಪ್ರೀಮಿಯರ್ ಪದ್ಮಿನಿ ನಿಂತಿದೆ. ಕಾರಿನ ಅಗಲ ಐದು ಅಡಿಗೆ ಸ್ವಲ್ಪ ಕಡಿಮೆ. ಅದು ನಡುವೆ ನಿಂತರೆ ಎರಡೂ ಪಕ್ಕದಲ್ಲಿ ಉಳಿಯುವುದು ಎರಡು ಅಡಿ ಚಿಲ್ಲರೆ ಜಾಗ ಮಾತ್ರ. ಅಷ್ಟರಲ್ಲಿ ಬಾಗಿಲನ್ನು ಪೂರ್ತಿ ತೆರೆಯಲಾಗದು, ಕುಳಿತು ತುಕ್ಕು ಹಿಡಿದ ತಗಡನ್ನು ಬಿಡಿಸುವುದಂತೂ ಆಗದು. ಕಾರನ್ನು ಒಂದು ಗೋಡೆಗೆ ಒತ್ತಿಕೊಂಡು ನಿಲ್ಲಿಸಿದರೆ ಇನ್ನೊಂದು ಪಕ್ಕದಲ್ಲಿ ನಾಲ್ಕು ಅಡಿಗೂ ಹೆಚ್ಚು ಜಾಗ ಸಿಗುತ್ತದೆ, ಆ ಪಕ್ಕದ ಕೆಲಸ ಮುಗಿದ ಮೇಲೆ ಎದುರು ಗೋಡೆಗೆ ಸರಿಸಬಹುದು. ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಇಳಿಸಿದ್ದರಿಂದ ಕಾರನ್ನು ಓಡಿಸಿ ಸರಿಸುವ ಮಾತೇ ಇರಲಿಲ್ಲ. ತಳ್ಳಿ, ಸ್ಟೇರಿಂಗ್ ತಿರುಗಿಸಿ, ಹಿಂದಕ್ಕೂ ಮುಂದಕ್ಕೂ ಆಡಿಸಿ ಗೋಡೆಗೆ ಸೇರಿಸೋಣವೆಂದರೆ ಅದಕ್ಕೆ ಬೇಕಾದ ಉದ್ದ ಗ್ಯಾರೇಜಿನಲ್ಲಿಲ್ಲ. ಹೀಗಾಗಿ ನಾಲ್ಕು ಟೈರುಗಳ ಕೆಳಗೂ ವೀಲ್ ಡಾಲಿ (ಯಾವ ದಿಕ್ಕಿಗೂ ಹೊರಳುವ ಗಾಲಿಗಳಿರುವ ಪುಟ್ಟ ಬಂಡಿ) ಕೊಟ್ಟು ಕಾರನ್ನು ಅಡ್ಡಕ್ಕೆ ಸರಿಸುವುದೆಂದು ತೀರ್ಮಾನಿಸಿದೆ.

ಮೊದಲ ಸಲ ನಾನು ಎಲ್ಲರೂ ನೋಡುವುದನ್ನೇ ನೋಡಿದೆ: ಎಷ್ಟು ಭಾರ ತಡೆಯುತ್ತದೆ ಎಂಬುದನ್ನು. ಆನ್‌ಲೈನ್‌ನಲ್ಲಿ ತರಿಸಿದ ಸೆಟ್ಟಿನ ಪೆಟ್ಟಿಗೆಯ ಮೇಲೆ ಒಂದೊಂದಕ್ಕೆ 1500 ಪೌಂಡ್, ಅಂದರೆ ಸುಮಾರು 680 ಕಿಲೋ ಎಂದು ಅಚ್ಚಾಗಿತ್ತು. ಎಲ್ಲ ಜೋಡಿಸಿದ ಪದ್ಮಿನಿಯ ತೂಕವೇ ಸುಮಾರು 900 ಕಿಲೋ, ಒಂದು ಚಕ್ರದ ಪಾಲಿಗೆ ಬರುವುದು 225ರಿಂದ 250 ಕಿಲೋ. ಇದು ಧಾರಾಳವಾಯಿತೆಂದು ತಿಳಿದೆ. ಹನ್ನೆರಡು ಅಂಗುಲಕ್ಕೆ ಹದಿನಾರು ಅಂಗುಲದ, ನಡುವೆ ತಗ್ಗು ಬಿಟ್ಟ ಕಬ್ಬಿಣದ ತಟ್ಟೆ, ಅದರ ಕೆಳಗೆ ಎರಡೂವರೆ ಅಂಗುಲದ ನಾಲ್ಕು ಬೀಡುಕಬ್ಬಿಣದ ಗಾಲಿಗಳು. ನೋಡಲು ಗಟ್ಟಿಮುಟ್ಟಾಗಿಯೇ ಇತ್ತು.

ಗ್ಯಾರೇಜಿನ ನೆಲವನ್ನು ನಾನು ಆಗ ಸರಿಯಾಗಿ ನೋಡಿರಲೇ ಇಲ್ಲ. ಒಳಗಿನ 17 ಅಡಿ ಹಳೆಯ ಕಾಲದ ರೆಡ್ ಆಕ್ಸೈಡ್ ನೆಲ. ಗೇಟಿನ ಕಡೆಯ 7 ಅಡಿಗೆ ಮಾತ್ರ ಆಮೇಲೆ ಪಾರ್ಕಿಂಗ್ ಟೈಲ್ಸ್ ಹಾಕಿಸಿ, ಮಳೆನೀರು ರಸ್ತೆಗೆ ಹರಿಯಲೆಂದು ವಾಟ ಕೊಟ್ಟಿದ್ದರು. ಎರಡೂ ನೆಲ ಸೇರುವ ಕಡೆ ಸಿಮೆಂಟ್ ಉದುರಿ ಒಂದು ಅಂಗುಲ ಅಗಲದ ಬಿರುಕು ಬಿದ್ದಿತ್ತು. ಕಾರಿನ ಟೈರಿಗೆ ಅಂಥ ಬಿರುಕು ಲೆಕ್ಕಕ್ಕೇ ಇಲ್ಲ. ಆದರೆ ಕಾರು ಡಾಲಿಯ ಮೇಲೆ ಕುಳಿತಾಗ ನೆಲವನ್ನು ಮುಟ್ಟುವುದು ಟೈರಲ್ಲ, ಆ ಪುಟ್ಟ ಗಾಲಿ.

ನಾನೂ ಅಕ್ಕನ ಮಗನೂ ಕಾರಿನ ಹಿಂಭಾಗವನ್ನು ತಳ್ಳುತ್ತಿದ್ದಾಗ ಬಲಗಡೆಯ ಹಿಂದಿನ ಡಾಲಿಯ ಒಂದು ಗಾಲಿ ಆ ಬಿರುಕಿಗೆ ಇಳಿದು ನಿಂತುಬಿಟ್ಟಿತು. ಅಡ್ಡ ಬಂದದ್ದೇನೆಂದು ಬಗ್ಗಿ ನೋಡದೆ ಇಬ್ಬರೂ ಇನ್ನಷ್ಟು ಬಲ ಹಾಕಿದೆವು. ಗಾಲಿ ಮೇಲೇಳುವ ಬದಲು ಅದನ್ನು ಹಿಡಿದಿದ್ದ ಕವೆ ಬಾಗಿತು, ತಟ್ಟೆ ಒಂದು ಕಡೆಗೆ ವಾಲಿತು, ಟೈರು ತಟ್ಟೆಯಿಂದ ಜಾರಿ ಧೊಪ್ಪನೆ ನೆಲಕ್ಕೆ ಇಳಿಯಿತು. ಹುಡುಗನ ಪಾದ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು. ಅವನು ಹಿಂದೆ ಸರಿದು, “ಮಾಮ, ಇವತ್ತಿಗೆ ಸಾಕು” ಎಂದ. ಆ ದಿನ ಅಲ್ಲಿಗೇ ನಿಲ್ಲಿಸಿ, ಮಾರನೆಯ ದಿನ ಟ್ರಾಲಿ ಜ್ಯಾಕ್ ಕೊಟ್ಟು ಕಾರನ್ನು ಡಾಲಿಗಳಿಂದ ಇಳಿಸಿದೆ.

ಲೆಕ್ಕ ಹಾಕಲು ಕುಳಿತದ್ದು ಆಮೇಲೆ. ಒಂದು ಅಂಗುಲದ ಬಿರುಕಿಗೆ ಇಳಿದ ಎರಡೂವರೆ ಅಂಗುಲದ ಗಟ್ಟಿ ಗಾಲಿಯನ್ನು ಮೇಲೆತ್ತಲು, ಅದರ ಮೇಲಿರುವ ಭಾರದ ನೂರಕ್ಕೆ ನಲವತ್ನಾಲ್ಕರಷ್ಟು ಬಲವನ್ನು ಅಡ್ಡಕ್ಕೆ ಕೊಡಬೇಕಾಗುತ್ತದೆ; ನಾಲ್ಕು ಅಂಗುಲದ ಗಾಲಿಯಾದರೆ ನೂರಕ್ಕೆ ಇಪ್ಪತ್ತಾರು ಸಾಕು. ಒಂದು ಗಾಲಿಯ ಮೇಲೆ 60 ಕಿಲೋ ಇದೆಯೆಂದರೆ ಮೊದಲನೆಯದಕ್ಕೆ 26 ಕಿಲೋ, ಎರಡನೆಯದಕ್ಕೆ 16 ಕಿಲೋ. ಒಂದೇ ಗಾಲಿಯಾದರೆ ವ್ಯತ್ಯಾಸ ಸಣ್ಣದೆನಿಸೀತು, ಆದರೆ ನಾಲ್ಕು ಡಾಲಿಗಳಲ್ಲಿ ಇರುವುದು ಹದಿನಾರು ಗಾಲಿಗಳು. ಅವುಗಳಲ್ಲಿ ಎರಡು ಮೂರು ಒಟ್ಟಿಗೆ ಸಿಕ್ಕಿಕೊಂಡರೆ ಇಬ್ಬರ ಕೈಯಲ್ಲಿ ಕಾರು ಅಲುಗಾಡುವುದಿಲ್ಲ. ತಟ್ಟೆ ಎಷ್ಟು ಭಾರ ಹೊರುತ್ತದೆ ಎಂಬ ಅಂಕಿ ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಡಾಲಿ ಎಂದರೆ ಅದರ ಗಾಲಿಯೇ, ಉಳಿದದ್ದೆಲ್ಲ ಗಾಲಿಯನ್ನು ಹಿಡಿದಿಡುವ ಚೌಕಟ್ಟು ಎಂಬುದು ನನಗೆ ಮನದಟ್ಟಾದದ್ದು ಹೀಗೆ.

ಅದಾದ ಮೇಲೆ ಅಳೆದದ್ದು ನೆಲದ ವಾಟ. ಗಾರೆ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದಲೇ ನೋಡಿದೆ. ರೆಡ್ ಆಕ್ಸೈಡ್ ನೆಲ ಹತ್ತು ಅಡಿಗೆ ಕಾಲು ಅಂಗುಲವಷ್ಟೇ ಇಳಿಯುತ್ತಿತ್ತು; ಟೈಲ್ಸ್ ಇರುವ ಭಾಗ ಐದು ಅಡಿಗೆ ಒಂದು ಅಂಗುಲ, ಅಂದರೆ ಅರವತ್ತಕ್ಕೆ ಒಂದು. 900 ಕಿಲೋ ಕಾರು ಆ ವಾಟದಲ್ಲಿ ಗೇಟಿನ ಕಡೆಗೆ 15 ಕಿಲೋ ಬಲದಲ್ಲಿ ಎಳೆಯುತ್ತದೆ. ನಿಂತಿರುವಾಗ ಗಾಲಿಗಳ ಘರ್ಷಣೆ ಅದನ್ನು ತಡೆದರೂ ತಡೆದೀತು, ಆದರೆ ಒಮ್ಮೆ ಹೊರಟ ಕಾರನ್ನು ಹಿಡಿದು ನಿಲ್ಲಿಸುವುದು ಇಬ್ಬರಿಂದ ಸುಲಭಕ್ಕೆ ಆಗುವ ಕೆಲಸವಲ್ಲ. ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಡಾಲಿಯ ಮೇಲಿರುವ ಕಾರಿಗೆ ಬ್ರೇಕೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದರೆ ಟೈರು ಡಾಲಿಯ ಮೇಲೆ ಉರುಳದಂತೆ ಹಿಡಿದೀತೇ ಹೊರತು ಡಾಲಿಯನ್ನು ನೆಲದ ಮೇಲೆ ನಿಲ್ಲಿಸಲಾರದು. ಟೈರಿಗೆ ಕಲ್ಲು ಕೊಡುವುದಕ್ಕೂ ಅಲ್ಲಿ ಅರ್ಥವಿಲ್ಲ, ಕಲ್ಲನ್ನು ಗಾಲಿಗೇ ಕೊಡಬೇಕು. ಕಾರು ಮುಂದಕ್ಕೆ, ಹಿಂದಕ್ಕೆ ಮಾತ್ರವಲ್ಲ, ಯಾವ ದಿಕ್ಕಿಗೆ ಬೇಕಾದರೂ ಹೋಗಬಲ್ಲದು. ಹಾಗಾಗಿ ಟೈಲ್ಸ್ ಭಾಗದಲ್ಲಿ ಡಾಲಿಯನ್ನು ಬಳಸುವುದೇ ಬೇಡ, ಕಾರು ಅಲ್ಲಿ ತನ್ನ ಚಕ್ರಗಳ ಮೇಲೆಯೇ ಉರುಳಿ ಒಳಗೆ ಬರಲಿ ಎಂದು ನಿಶ್ಚಯಿಸಿದೆ. ಬಿರುಕಿಗೆ ಕಾಂಕ್ರೀಟ್ ತುಂಬಿಸಿದೆ. ಎರಡೂ ನೆಲ ಸೇರುವ ಗೆರೆಯುದ್ದಕ್ಕೂ ಎರಡು ಅಂಗುಲದ, ಎಲ್ (L) ಆಕಾರದ ಕಬ್ಬಿಣದ ಪಟ್ಟಿಯಾದ ಆ್ಯಂಗ್ಲರ್ ಒಂದನ್ನು, ಬೇಕಾದಾಗ ಬಿಚ್ಚಿ ತೆಗೆಯುವಂತೆ, ಬೋಲ್ಟ್ ಹಾಕಿ ಕೂರಿಸಿದೆ. ಕಾರು ಒಳಗೆ ಬಂದ ಮೇಲೆ ಅದನ್ನು ಬಿಗಿದರೆ ಯಾವ ಡಾಲಿಯೂ ಅದನ್ನು ದಾಟಿ ಗೇಟಿನ ಕಡೆಗೆ ಹೋಗಲಾರದು. ಇಡೀ ಕೆಲಸದಲ್ಲಿ ನನಗೆ ಹೆಚ್ಚು ನೆಮ್ಮದಿ ಕೊಟ್ಟದ್ದು ಈ ಆ್ಯಂಗ್ಲರ್.

ಹೊಸ ಡಾಲಿಯ ವಿಷಯಕ್ಕೆ ಬಂದರೆ, ಕಾಲಿನಿಂದ ಪೆಡಲ್ ತುಳಿದರೆ ಎರಡು ರೋಲರುಗಳು ಟೈರನ್ನು ಹಿಂದೆ ಮುಂದೆ ಒತ್ತಿ ತಾನಾಗಿ ಮೇಲೆತ್ತುವ ಹೈಡ್ರಾಲಿಕ್ ಮಾದರಿಯನ್ನು ಪರಿಚಯದ ವರ್ಕ್‌ಶಾಪ್ ಒಂದರಲ್ಲಿ ನೋಡಿಬಂದೆ. ಬೇರೆ ಜ್ಯಾಕ್ ಬೇಕಿಲ್ಲ, ನಾಲ್ಕು ಚಕ್ರಗಳೂ ಕೆಲವೇ ನಿಮಿಷಗಳಲ್ಲಿ ಮೇಲೇಳುತ್ತವೆ; ವಿಶಾಲವಾದ ಜಾಗವಿದ್ದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರ ಚೌಕಟ್ಟು ಟೈರಿನ ಹೊರಮೈಯನ್ನು ಬಳಸಿ ನಿಲ್ಲುತ್ತದೆ, ಪೆಡಲ್ ಇನ್ನೂ ಹೊರಕ್ಕೆ ಚಾಚುತ್ತದೆ. ಗೋಡೆಗೆ ಒತ್ತರಿಸಿ ನಿಲ್ಲಿಸಬೇಕಾದ ನನ್ನಂಥವರಿಗೆ ಆ ಹೊರಚಾಚುವಿಕೆಯೇ ತೊಡಕು. ಕಾರು ಗೋಡೆ ಸೇರುವ ಮೊದಲೇ ಡಾಲಿ ಗೋಡೆ ಸೇರುತ್ತದೆ.

ಕೊನೆಗೆ ಗ್ರಿಲ್ ಕೆಲಸದ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದೆಂದಾಯಿತು. ಗಾಲಿಗಳಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನವೆಲ್ಲ ಸುತ್ತಿದೆ. ಬೀಡುಕಬ್ಬಿಣದ ಗಾಲಿ ಹಗುರವಾಗಿ ಉರುಳುತ್ತದೆ, ಆದರೆ ರೆಡ್ ಆಕ್ಸೈಡ್ ನೆಲದ ಮೇಲೆ ಗೀರು ಬೀಳುತ್ತದೆ. ರಬ್ಬರ್ ಗಾಲಿ ನೆಲಕ್ಕೆ ಮೃದು, ಆದರೆ ತಿಂಗಳುಗಟ್ಟಲೆ ಭಾರ ಹೊತ್ತು ಒಂದೇ ಕಡೆ ನಿಂತರೆ ತಳ ಚಪ್ಪಟೆಯಾಗುತ್ತದೆ, ಸೋರಿದ ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ. ನೈಲಾನ್ ಗಟ್ಟಿ ಮತ್ತು ಅಗ್ಗ, ಆದರೆ ಒಂದು ಮರಳಿನ ಹರಳಿಗೂ ತಡೆದು ನಿಲ್ಲುತ್ತದೆ. ಇವೆಲ್ಲವನ್ನೂ ತೂಗಿ ನೋಡಿ ನಾಲ್ಕು ಅಂಗುಲದ ಪಿ.ಯು. (ಪಾಲಿಯುರೆಥೇನ್ ಎಂಬ, ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಗಾಲಿಗಳನ್ನು ಆರಿಸಿದೆ. ಒಂದೊಂದೂ 200 ಕಿಲೋ ತಡೆಯುವಂಥದ್ದು, ಒಳಗೆ ಬಾಲ್ ಬೇರಿಂಗ್, ತಿರುಗುವ ತಲೆಯಲ್ಲಿ ಎರಡು ಸಾಲು ಗುಂಡುಗಳು. ಅಂಗಡಿಯಲ್ಲಿ ಗಾಲಿಯ ಕವೆಯನ್ನು ಕೈಯಲ್ಲಿ ಹಿಡಿದು ಅಡ್ಡಡ್ಡ ಅಲುಗಾಡಿಸಿ ನೋಡಬೇಕು. ಹೊಸದರಲ್ಲೇ ಲೊಡಲೊಡ ಎಂದರೆ ಅದು ಭಾರ ಹೊತ್ತು ಅಡ್ಡಕ್ಕೆ ತಿರುಗಲಾರದು. ಭಾರದ ಲೆಕ್ಕ ಹಾಕುವಾಗ ಡಾಲಿಯ ನಾಲ್ಕು ಗಾಲಿಗಳನ್ನೂ ಎಣಿಸಬಾರದು. ನೆಲ ಎಷ್ಟೇ ಮಟ್ಟವಾಗಿದ್ದರೂ ಒಂದು ಗಾಲಿ ಸ್ವಲ್ಪ ಎತ್ತಿಕೊಂಡೇ ಇರುತ್ತದೆ, ಭಾರವೆಲ್ಲ ಮೂರರ ಮೇಲೆ ಬೀಳುತ್ತದೆ. 250 ಕಿಲೋವನ್ನು ಮೂರರಿಂದ ಭಾಗಿಸಿ, ಕುಲುಕಾಟಕ್ಕೆಂದು ದುಪ್ಪಟ್ಟು ಮಾಡಿದರೆ 170 ಕಿಲೋದ ಹತ್ತಿರ ಬರುತ್ತದೆ. 200 ಕಿಲೋದ್ದನ್ನೇ ಕೊಂಡದ್ದು ಈ ಲೆಕ್ಕದಿಂದ.

ಚೌಕಟ್ಟಿನ ವಿಷಯದಲ್ಲಿ ನನ್ನ ಗಮನವೆಲ್ಲ ಎತ್ತರದ ಮೇಲಿತ್ತು. ತಟ್ಟೆಯ ಕೆಳಗೆ ಗಾಲಿ ಇರುವ ಡಾಲಿಯಲ್ಲಿ ಕಾರು ಗಾಲಿಯ ಎತ್ತರದಷ್ಟು ಮೇಲೇಳುತ್ತದೆ, ಎತ್ತರವಾದಷ್ಟೂ ಓಲಾಟ ಹೆಚ್ಚು. ಅದರ ಬದಲು ಒಂದೂವರೆ ಅಂಗುಲದ ಕಬ್ಬಿಣದ ಪೈಪಿನ ಎರಡು ತುಂಡುಗಳನ್ನು, ನಡುವಿನಿಂದ ನಡುವಿಗೆ 320 ಮಿ.ಮೀ. ಅಂತರದಲ್ಲಿ, ನೆಲದಿಂದ 25 ಮಿ.ಮೀ. ಮೇಲೆ ತೂಗುವಂತೆ ಹಾಕಿಸಿದೆ. ಗಾಲಿಗಳು ಅವುಗಳ ಕೆಳಗಲ್ಲ, ಟೈರಿನ ಹಿಂದೆ ಮುಂದೆ ಚಾಚಿದ ರೆಕ್ಕೆಗಳಲ್ಲಿವೆ. ಪದ್ಮಿನಿಯ 14 ಅಂಗುಲದ ಟೈರು ಈ ಎರಡು ಪೈಪುಗಳ ನಡುವೆ ಸುಮಾರು 40 ಮಿ.ಮೀ. ತಗ್ಗಿ, ತೊಟ್ಟಿಲಲ್ಲಿ ಕೂತಂತೆ ಕೂರುತ್ತದೆ. ಕಾರಿನ ಮುಂದಿನ ಚಕ್ರಗಳನ್ನು ಹಿಡಿದಿಡಲು ಬೇರೇನೂ ಇರುವುದಿಲ್ಲವಾದ್ದರಿಂದ ಈ ತಗ್ಗು ಬಹಳ ಮುಖ್ಯ. ಟೈರಿನ ತಳ ನೆಲದಿಂದ ಏಳುವುದು ಬರೀ 30 ಮಿ.ಮೀ.; ಅಕಸ್ಮಾತ್ ಜಾರಿದರೂ ಬೀಳುವುದು ಅಷ್ಟೇ ಎತ್ತರದಿಂದ. ರಟ್ಟಿನಲ್ಲಿ ಅದೇ ಅಳತೆಯ ಮಾದರಿ ಕತ್ತರಿಸಿ ಕಾರಿನ ಕೆಳಗೆ ಇಟ್ಟು, ರೆಕ್ಕೆ ಬಾಡಿಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕಬ್ಬಿಣ ಕತ್ತರಿಸಲು ಒಪ್ಪಿದೆ. ವೆಲ್ಡಿಂಗ್ ಶಾಪಿನವರು ಗಾಲಿಗಳನ್ನೂ ನೇರ ವೆಲ್ಡ್ ಮಾಡಿಕೊಡುತ್ತೇವೆ ಸಾರ್ ಎಂದರು. ನಾನು ಬೇಡವೆಂದು, ಒಂದೊಂದಕ್ಕೂ ನಾಲ್ಕು ಬೋಲ್ಟ್ ಹಾಕಿಸಿದೆ. ವೆಲ್ಡಿಂಗಿನ ಶಾಖಕ್ಕೆ ತಲೆಯೊಳಗಿನ ಗ್ರೀಸ್ ಸುಟ್ಟುಹೋಗುತ್ತದೆ, ಮುಂದೆ ಗಾಲಿ ಕೆಟ್ಟರೆ ಬದಲಿಸುವುದೂ ಕಷ್ಟ.

ಕಾರನ್ನು ಏರಿಸುವಾಗ ಒಂದು ತುದಿಯನ್ನು ಮೊದಲು ಟ್ರಾಲಿ ಜ್ಯಾಕ್‌ನಿಂದ ಎತ್ತಿ, ಎರಡೂ ಟೈರುಗಳ ಕೆಳಗೆ ಒಟ್ಟಿಗೆ ಡಾಲಿ ಸರಿಸಿ ಇಳಿಸುತ್ತೇನೆ. ಆ ಹೊತ್ತಿಗೆ ಇನ್ನೊಂದು ತುದಿಯ ಟೈರುಗಳಿಗೆ ಕಲ್ಲು ಕೊಟ್ಟಿರಬೇಕು. ಮೊದಲು ಏರಿಸಿದ ತುದಿಯ ಡಾಲಿಗಳ ಗಾಲಿಗಳಿಗೇ ಇರುವ ಬ್ರೇಕನ್ನು ಒತ್ತಿ, ಗಾಲಿಗಳಿಗೆ ಮರದ ಬೆಣೆ ಕೊಡದೆ ಎರಡನೆಯ ತುದಿಯನ್ನು ಎತ್ತುವುದಿಲ್ಲ. ತಳ್ಳುವ ಮೊದಲು ಹದಿನಾರು ಗಾಲಿಗಳನ್ನೂ ಹೋಗಬೇಕಾದ ದಿಕ್ಕಿಗೆ ಕೈಯಿಂದಲೇ ತಿರುಗಿಸಿಡುತ್ತೇನೆ. ಇಲ್ಲದಿದ್ದರೆ ಹೊರಡುವಾಗ ಒಂದೊಂದೂ ಒಂದೊಂದು ಕಡೆಗೆ ಹೊರಳಿ ಕಾರು ಜಗ್ಗಿದಂತಾಗುತ್ತದೆ. ತಳ್ಳುವುದು ಬಾಗಿಲ ಕಂಬಕ್ಕೆ ಕೈಯಿಟ್ಟು, ತಗಡಿಗೆ ಎಂದೂ ಅಲ್ಲ. ಕಾರಿಗೂ ಅದು ಹೋಗುವ ಗೋಡೆಗೂ ನಡುವೆ ಯಾರೂ ನಿಲ್ಲಬಾರದೆಂಬುದು ನಮ್ಮ ಮನೆಯಲ್ಲಿ ಈಗ ಕಟ್ಟುನಿಟ್ಟು. ಕಾರಿನ ಕೆಳಗೆ ಮಲಗಿ ಮಾಡುವ ಕೆಲಸವಿದ್ದರೆ ಡಾಲಿಗಳನ್ನು ತೆಗೆದು ಜ್ಯಾಕ್ ಸ್ಟ್ಯಾಂಡ್ ಕೊಡುತ್ತೇನೆ, ಐದು ನಿಮಿಷದ ಕೆಲಸವಾದರೂ ಸರಿ.

ಸದ್ಯ ಕಾರು ಎಡಗೋಡೆಯಿಂದ ಐದು ಅಂಗುಲ ದೂರದಲ್ಲಿದೆ. ಬಲಪಕ್ಕದ ಬಾಗಿಲ ಕೆಳಗಿನ ತಗಡನ್ನು ಕತ್ತರಿಸಿ ಹೊಸದನ್ನು ಕೂರಿಸಿದ್ದಾಗಿದೆ, ರೆಡ್ ಆಕ್ಸೈಡ್ ಪ್ರೈಮರ್ ಒಣಗುತ್ತಿದೆ. ಭಾನುವಾರ ಅಕ್ಕನ ಮಗ ಬರುತ್ತಾನೆ, ಬಲಗೋಡೆಗೆ ಸರಿಸಬೇಕು. ಅದಕ್ಕೆ ಮೊದಲು ಹಿಂದಿನ ಎಡ ಡಾಲಿಯ ಕಿರುಗುಟ್ಟುವ ಒಂದು ಗಾಲಿಯನ್ನು ಬಿಚ್ಚಿ ಗ್ರೀಸ್ ಹಾಕಬೇಕಾಗಿದೆ.