ಕಾಲು ನೋಡೋಕೆ ಕಂಡಕ್ಟರ್ ಸಾಕು: ಮೂರನೇ ಸಲಕ್ಕೆ ದಡ ಸೇರಿದ ನಮ್ಮ ಟ್ರಯಲ್ಸ್

ಟ್ರಯಲ್ಸ್ ಅಂದರೆ ಬಂಡೆ, ಹಳ್ಳ, ಕೆಸರಲ್ಲಿ ಕಾಲು ಊರದೆ ಬೈಕ್ ಓಡಿಸುವ ಆಟ; ಕಾಲು ಊರಿದಷ್ಟೂ ಅಂಕ ಏರುತ್ತದೆ, ಕಡಿಮೆ ಅಂಕದವನು ಗೆಲ್ಲುತ್ತಾನೆ. ಎರಡು ಸಲ ಕೈ ಸುಟ್ಟುಕೊಂಡ ಮೇಲೂ ಮತ್ತೆ ಅದನ್ನು ನಡೆಸುತ್ತೇನೆ ಅಂದಾಗ ನಮ್ಮ ಗುಂಪಿನಲ್ಲಿ ನಕ್ಕವರೇ ಜಾಸ್ತಿ. ಕಾಲು ಊರಿದ್ದನ್ನು ಎಣಿಸಿ ಅಂಕ ಹಾಕುವ ಅಬ್ಸರ್ವರ್‌ಗಳು ಯಾರು ಅಂತ ಕೇಳಿದರು. ಒಬ್ಬರು ರಿಟೈರ್ಡ್ ಬಸ್ ಕಂಡಕ್ಟರ್, ಒಬ್ಬರು ಪಿಟಿ ಮೇಷ್ಟ್ರು, ಒಬ್ಬ ಟೈಲರ್, ಮಿಕ್ಕ ಐದು ಜನ ಖೋ ಖೋ ಆಡುವ ಕಾಲೇಜು ಹುಡುಗಿಯರು ಅಂದೆ. ನಗು ಇನ್ನೂ ಜೋರಾಯಿತು. "ಗೇರ್ ಹಾಕೋಕೆ ಬರದವರು ನಮಗೆ ಮಾರ್ಕ್ಸ್ ಹಾಕ್ತಾರಾ?" ಅಂದ ಒಬ್ಬ. ಹೋದ ಸೆಪ್ಟೆಂಬರ್‌ನಲ್ಲಿ ಅದೇ ಮನುಷ್ಯ ಆ ಕಂಡಕ್ಟರ್ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು ಹೋದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಟೂ ವೀಲರ್ ಗ್ಯಾರೇಜ್. ಜಾಗ ಶ್ರೀನಿವಾಸಪುರದ ಕಡೆ, ಪರಿಚಯದವರೊಬ್ಬರ ಮಾವಿನ ತೋಪು. ತೋಪಿನ ಹಿಂದೆ ಬಂಡೆಗಳು, ಬಂಡೆ ಮಧ್ಯೆ ಒಂದು ಒಣ ಹಳ್ಳ. ಕೋಲಾರ ಜಿಲ್ಲೆಯ ಕಲ್ಲು ನೋಡಿದವರಿಗೆ ಗೊತ್ತು, ಟ್ರಯಲ್ಸ್‌ಗೆ ದೇವರೇ ಮಾಡಿಟ್ಟ ಹಾಗಿದೆ. ನಮ್ಮದು ಗೆಳೆಯರ ಕೂಟ, ಖಾಸಗಿ ಜಮೀನು, ಟಿಕೆಟ್ ಇಲ್ಲ, ಪ್ರೇಕ್ಷಕರಿಲ್ಲ. ಚಾಂಪಿಯನ್‌ಶಿಪ್ ಅಂತ ಬೋರ್ಡ್ ಹಾಕುವ ಆಸೆ ಇದ್ದವರು ದೇಶದ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಎಂಎಸ್‌ಸಿಐ ದಾರಿ ಹಿಡಿಯಲಿ.

ಮೊದಲನೆಯದು ಆಗಸ್ಟ್‌ನಲ್ಲಿ, ಮಾವಿನ ಕೊಯ್ಲು ಮುಗಿದ ಮೇಲೆ. ಹತ್ತು ಸೆಕ್ಷನ್ (ಟೇಪ್ ಕಟ್ಟಿ ಗುರುತು ಮಾಡಿದ ಚಿಕ್ಕ ಚಿಕ್ಕ ಕಷ್ಟದ ದಾರಿಗಳು), ಮೂರು ಸುತ್ತು, 22 ಜನ. ಅಬ್ಸರ್ವರ್‌ಗಳು ಮೂರೇ ಜನ, ಮೂವರೂ ನಮ್ಮ ಗುಂಪಿನ ಒಳ್ಳೆಯ ಸವಾರರು. ಒಬ್ಬೊಬ್ಬರು ಮೂರು ಸೆಕ್ಷನ್ ಮಧ್ಯೆ ಓಡಾಡುತ್ತಿದ್ದರು. ಹತ್ತನೇ ಸೆಕ್ಷನ್‌ಗೆ ಯಾರಿದ್ದರು ಅನ್ನುವುದು ಇವತ್ತಿಗೂ ಗೊತ್ತಾಗಿಲ್ಲ. ಪೇಪರ್ ಶೀಟ್, ಬಾಲ್ ಪೆನ್. ಹನ್ನೊಂದು ಗಂಟೆಗೆ ಮಳೆ ಬಂತು. ಶೀಟ್‌ಗಳು ಹಿಟ್ಟಿನ ಮುದ್ದೆಯಾದವು. ಕತ್ತಲಾದರೂ ಎರಡನೇ ಸುತ್ತು ಮುಗಿಯಲಿಲ್ಲ. ಫಲಿತಾಂಶವೇ ಇಲ್ಲ. ಎಂಟ್ರಿ ಫೀ 300 ರೂಪಾಯಿಯಂತೆ ಎಲ್ಲರಿಗೂ ವಾಪಸ್ ಕೊಟ್ಟೆ. ಊಟ, ಟೇಪು, ಆಂಬುಲೆನ್ಸ್ ಸೇರಿ ಸುಮಾರು 8 ಸಾವಿರ ಕೈಯಿಂದ ಹೋಯಿತು. ಹೆಂಡತಿಗೆ 3 ಸಾವಿರ ಅಂತ ಹೇಳಿದ್ದೆ.

ಎರಡನೇ ಸಲ ಜಾಣತನ ಮಾಡಲು ಹೋದೆ. ಜನವರಿ, ಸಂಕ್ರಾಂತಿ ಆದ ಮೇಲೆ, ಮಳೆಯ ಕಾಟ ಇಲ್ಲ. ಸ್ಕೋರ್ ಎಲ್ಲಾ ಮೊಬೈಲ್‌ನಲ್ಲಿ. ನಮ್ಮಲ್ಲೊಬ್ಬ ಸಾಫ್ಟ್‌ವೇರ್ ಹುಡುಗ ಚೆಂದದ ಫಾರ್ಮ್ ಮಾಡಿಕೊಟ್ಟ. ಹಳ್ಳದೊಳಗೆ ನೆಟ್‌ವರ್ಕ್ ಇಲ್ಲ. ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲ. ಬೆವರಿದ ಹೆಬ್ಬೆರಳು ಮೂರು ಒತ್ತಿದರೆ ಐದು ಬೀಳುತ್ತದೆ. ಅನುಮಾನ ಬಂದಲ್ಲೆಲ್ಲಾ ವಿಡಿಯೋ ನೋಡೋಣ ಅಂತ ಶುರುವಾಗಿ, ಒಂದೇ ಒಂದು ಡ್ಯಾಬ್‌ಗೆ, ಅಂದರೆ ಕಾಲು ಊರಿದ್ದಕ್ಕೆ, 40 ನಿಮಿಷ ಜಗಳ ನಡೆಯಿತು. ಅದರ ಮೇಲೆ ಜಮೀನಿನ ಯಜಮಾನರು ಬಂದು "ಮಾವು ಹೂ ಬಿಟ್ಟದೆ, ಧೂಳು ಎಬ್ಬಿಸಬೇಡ್ರಪ್ಪ" ಅಂದರು. ಅವರು ಹೇಳಿದ್ದು ಸರಿ. ನನಗೇ ಹೊಳೆಯಬೇಕಿತ್ತು. ಮಧ್ಯಾಹ್ನಕ್ಕೇ ನಿಲ್ಲಿಸಿದೆವು. ಈ ಸಲದ ನಷ್ಟ 5 ಸಾವಿರದ ಹತ್ತಿರ.

ಆ ರಾತ್ರಿ ವಿಡಿಯೋಗಳನ್ನು ಸುಮ್ನೆ ನೋಡುತ್ತಾ ಕೂತಿದ್ದೆ. ಅವುಗಳಲ್ಲಿ ಸವಾರರಿಗಿಂತ ನಮ್ಮ ಅಬ್ಸರ್ವರ್‌ಗಳೇ ತಮಾಷೆಯಾಗಿ ಕಂಡರು. ಬೈಕ್ ಬಂಡೆ ಹತ್ತುವಾಗ ಅವರ ಕಣ್ಣು ಮುಂದಿನ ಚಕ್ರದ ಮೇಲೆ. ಥ್ರಾಟಲ್ ಕೇಳುತ್ತಿದ್ದಾರೆ, ಲೈನ್ ಲೆಕ್ಕ ಹಾಕುತ್ತಿದ್ದಾರೆ, ಒಬ್ಬನಂತೂ ತಾನೇ ಓಡಿಸುತ್ತಿರುವ ಹಾಗೆ ಮೈ ವಾಲಿಸುತ್ತಿದ್ದಾನೆ. ಸವಾರ ಕಾಲು ಊರಿದ್ದನ್ನು ಮೂವರಲ್ಲಿ ಒಬ್ಬನೂ ನೋಡಿಲ್ಲ. ಬೈಕ್ ಗೊತ್ತಿದ್ದವನು ಬೈಕ್ ನೋಡುತ್ತಾನೆ. ನನಗೆ ಬೇಕಾಗಿದ್ದು ಕಾಲು ನೋಡುವವರು.

ಕಂಡಕ್ಟರ್ ಸಿಕ್ಕಿದ್ದು ನನ್ನ ಗ್ಯಾರೇಜ್‌ನಲ್ಲೇ. ಮೊಮ್ಮಗನ ಸ್ಕೂಟರ್ ಬಿಡಲು ಬಂದಿದ್ದರು. 30 ವರ್ಷಕ್ಕೂ ಹೆಚ್ಚು ಸರ್ಕಾರಿ ಬಸ್ಸಿನಲ್ಲಿ ಸರ್ವಿಸ್. ತುಂಬಿದ ಬಸ್ಸಿನಲ್ಲಿ ಯಾರು ಟಿಕೆಟ್ ತಗೊಂಡಿಲ್ಲ ಅಂತ ಮುಖ ನೋಡಿ ಹೇಳುವವರು. ಯಾರ ಕೂಗಾಟಕ್ಕೂ ಬಗ್ಗುವವರಲ್ಲ. ಟಿಕೆಟ್ ಮೆಷಿನ್ ಬರುವ ಮುಂಚಿನ ಕಾಲದ ಒಂದು ಪಂಚ್ ಇನ್ನೂ ಅವರ ಮನೆಯಲ್ಲಿತ್ತು. ಆ ಪಂಚ್ ನೋಡಿದಾಗಲೇ ಅರ್ಧ ಸಮಸ್ಯೆ ಬಗೆಹರಿಯಿತು. ಹೊರದೇಶದ ಕ್ಲಬ್‌ಗಳಲ್ಲೂ ಪಂಚ್ ಕಾರ್ಡ್ ಇದೆ, ನಾನೇನೂ ಕಂಡುಹಿಡಿದಿಲ್ಲ. ಆದರೆ ಕಾರ್ಡ್ ಯಾವುದರಲ್ಲಿ ಮಾಡಬೇಕು ಅನ್ನುವುದು ನನ್ನದೇ ತಲೆ.

ಮೊದಲು ಮದುವೆ ಪತ್ರಿಕೆಯ ರಟ್ಟಿನಲ್ಲಿ ಮಾಡಿ ಒಂದು ರಾತ್ರಿ ಬಕೆಟ್‌ನಲ್ಲಿ ನೆನೆಸಿದೆ. ಬೆಳಿಗ್ಗೆ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಲ್ಯಾಮಿನೇಷನ್ ಮಾಡಿಸಿದರೆ ತೂತು ಬಿದ್ದ ಕಡೆ ನೀರು ಒಳಗೆ ಹೋಗುತ್ತದೆ. ಕೊನೆಗೆ ಫ್ಲೆಕ್ಸ್. ಹುಟ್ಟುಹಬ್ಬದ ಶುಭಾಶಯ ಅಂತ ಊರ ತುಂಬಾ ಕಟ್ಟುತ್ತಾರಲ್ಲ, ಅದೇ. ಚದರ ಅಡಿಗೆ ಹತ್ತು ರೂಪಾಯಿ ಆಸುಪಾಸು. ಒಂದೇ ಶೀಟ್‌ನಲ್ಲಿ ಎಲ್ಲರ ಕಾರ್ಡ್ ಪ್ರಿಂಟ್ ಹಾಕಿಸಿ ಕತ್ತರಿಸಿದೆವು. ಒಬ್ಬರಿಗೆ ಮೂರು ಪಟ್ಟಿ: ಮೊದಲ ಸುತ್ತಿಗೆ ಬಿಳಿ, ಎರಡಕ್ಕೆ ಹಳದಿ, ಮೂರಕ್ಕೆ ಗುಲಾಬಿ. ಪಟ್ಟಿಯಲ್ಲಿ ಎಂಟು ಸಾಲು, ಸಾಲಿಗೆ 0, 1, 2, 3, 5. ಸುತ್ತು ಮುಗಿದ ತಕ್ಷಣ ಪಟ್ಟಿ ಕೊಟ್ಟು ಮುಂದಿನದು ತಗೊಳ್ಳಬೇಕು. ಪೆನ್ ಇಲ್ಲ, ಅಳಿಸುವುದಿಲ್ಲ. ಹರಿಯುವುದೂ ಇಲ್ಲ. ಮಿಕ್ಕ ಏಳು ಪಂಚ್ ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಹುಡುಕಿ ತಂದೆ. ಒಂದೊಂದರ ತೂತಿನ ಆಕಾರ ಬೇರೆ ಬೇರೆ ಇರುವ ಹಾಗೆ ಆರಿಸಿದ್ದೆ. ಯಾಕೆ ಅಂತ ಬಿಡಿಸಿ ಹೇಳಬೇಕಾ?

ಟ್ರೇನಿಂಗ್‌ಗೆ ಒಂದು ಸಂಜೆ ಸಾಕಾಯಿತು. ನಾನು ರೂಲ್ ಬುಕ್ ತೆಗೆಯಲೇ ಇಲ್ಲ. "ಕುಂಟೆಬಿಲ್ಲೆ ಆಡಿದ್ದೀರಾ?" ಅಂತ ಕೇಳಿದೆ. ಹುಡುಗಿಯರು ನಕ್ಕರು. ಕುಂಟೆಬಿಲ್ಲೆಯಲ್ಲಿ ಎತ್ತಿದ ಕಾಲು ನೆಲಕ್ಕೆ ತಾಗಿದರೆ ಔಟ್, ಇಲ್ಲಿ ತಾಗಿದರೆ ಒಂದು. ಎರಡು ಸಲ ಅಂದರೆ ಎರಡು. ಮೂರಾಗಲಿ, ಹತ್ತಾಗಲಿ, ಮೂರೇ. ಊರಿದ ಕಾಲನ್ನು ಎಳೆದುಕೊಂಡೇ ಹೋದರೂ ಒಂದೇ. ಮೊಣಕೈ ಬಂಡೆಗೆ ಆನಿಸಿದರೂ ಒಂದು. ಬಿದ್ದರೆ, ಗಡಿ ಟೇಪ್ ದಾಟಿದರೆ, ಹಿಂದಕ್ಕೆ ಉರುಳಿದರೆ ಐದು. ಮುಂದಿನ ಚಕ್ರದ ಆಕ್ಸಲ್ ಶುರುವಿನ ಬೋರ್ಡ್ ದಾಟಿದಾಗಿನಿಂದ ಮುಗಿಯುವ ಬೋರ್ಡ್ ದಾಟುವ ತನಕ ಲೆಕ್ಕ. ನಿಜವಾಗಿ ಅನುಮಾನ ಬಂದರೆ ಸವಾರನ ಪರ. ಇಷ್ಟೇ. ಅವರಲ್ಲಿ ಇಬ್ಬರ ಮನೆಮಾತು ತೆಲುಗು, ಹಾಗಾಗಿ ಎಲ್ಲವನ್ನೂ ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ನನ್ನ ನಿಯಮದ ತೂತುಗಳು ನನಗೇ ಕಂಡವು. ಕಬಡ್ಡಿ ರೆಫ್ರಿ ಮಾಡಿದ್ದ ಪಿಟಿ ಮೇಷ್ಟ್ರು ಒಂದು ಸೇರಿಸಿದರು: ಸವಾರ ಹೊರಗೆ ಬಂದ ಕೂಡಲೇ ಬೆರಳೆತ್ತಿ ತೋರಿಸಿ, ಆಮೇಲೆ ಪಂಚ್, ಮಾತು ಬೇಡ. ಮಾತು ಶುರುವಾದರೆ ಜಗಳ ಶುರು.

ಸೆಕ್ಷನ್ ಮಧ್ಯೆ ಬೈಕ್ ನಿಲ್ಲುವ ವಿಷಯಕ್ಕೆ ಬರೋಣ. ಇದೇ ಎಲ್ಲರ ತಲೆನೋವು. ವಿಶ್ವ ಚಾಂಪಿಯನ್‌ಶಿಪ್‌ನಲ್ಲೇ ನಿಲ್ಲಬಹುದು ಅಂತಿದ್ದದ್ದನ್ನು 2013ರಲ್ಲಿ ಮತ್ತೆ ನಿಲ್ಲುವಂತಿಲ್ಲ ಅಂತ ಮಾಡಿದರು. ನಮ್ಮ ಮೊದಲ ಕೂಟದಲ್ಲೂ ನಿಂತರೆ ಐದು ಅಂತಿಟ್ಟಿದ್ದೆ. ನಿಂತನೋ, ನಿಂತ ಹಾಗೆ ಕಂಡನೋ ಅಂತ ದಿನವಿಡೀ ಗಲಾಟೆ. ಒಂದು ಪ್ರಯೋಗ ಮಾಡಿದೆ: ಮುಂದಿನ ಚಕ್ರದ ಒಂದು ಕಡ್ಡಿಗೆ ಕೆಂಪು ಬಟ್ಟೆ ಕಟ್ಟುವುದು. ಬಟ್ಟೆ ನಿಂತರೆ ಬೈಕ್ ನಿಂತ ಹಾಗೆ. ಒಣ ನೆಲದಲ್ಲಿ ಬೊಂಬಾಟ್ ಆಗಿ ಕೆಲಸ ಮಾಡಿತು. ಕೆಸರಲ್ಲಿ ಎರಡೇ ನಿಮಿಷಕ್ಕೆ ಬಟ್ಟೆಯೂ ಟೈರ್ ಬಣ್ಣವೇ. ಕೊನೆಗೆ ನಿಲ್ಲಬಹುದು, ಹಿಂದೆ ಬರಬಾರದು, ಒಟ್ಟು 90 ಸೆಕೆಂಡ್ ಮಿತಿ ಅಂತ ಮಾಡಿದೆವು. 150 ಕೆಜಿ ಬೈಕ್‌ನಲ್ಲಿ ನಿಂತು ಬ್ಯಾಲೆನ್ಸ್ ಮಾಡಿ ಯಾರೂ ದೊಡ್ಡ ಲಾಭ ಪಡೆಯುವುದಿಲ್ಲ. ನಿಜವಾದ 70 ಕೆಜಿ ಟ್ರಯಲ್ಸ್ ಬೈಕ್ ಇಟ್ಟುಕೊಂಡವರು ಈ ನಿಯಮ ನಕಲು ಮಾಡಬೇಡಿ.

ಬೈಕ್ ಬಗ್ಗೆ ಜಾಸ್ತಿ ಹೇಳಲ್ಲ. ಬಂದವುಗಳಲ್ಲಿ ಅರ್ಧ ಎಕ್ಸ್‌ಪಲ್ಸ್, ನಾಲ್ಕೈದು ಹಳೆಯ ಇಂಪಲ್ಸ್, ಮೂರು ಆರ್‌ಎಕ್ಸ್ 100. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡದೆ ಬಂದವರು ಕ್ಲಚ್ ಸುಟ್ಟುಕೊಂಡರು. ಟ್ಯೂಬ್ ಟೈರ್‌ನಲ್ಲಿ ಗಾಳಿ 10 ಪಿಎಸ್‌ಐ ತನಕ ಧೈರ್ಯವಾಗಿ ಇಳಿಸಬಹುದು. 8ಕ್ಕೆ ಇಳಿಸಿದ ಇಬ್ಬರ ವಾಲ್ವ್ ಕಿತ್ತು ಬಂತು. ನಾನು 7ರಲ್ಲಿ ಓಡಿಸುತ್ತೇನೆ, ಟೈರ್ ಜಾರದ ಹಾಗೆ ರಿಮ್‌ಗೆ ಹಿಡಿದಿಡುವ ರಿಮ್ ಲಾಕ್ ಕೊಂಡಿಲ್ಲ. ಹೇಗೆ ಅನ್ನುವುದು ಗ್ಯಾರೇಜ್‌ನ ಗುಟ್ಟು, ಇಲ್ಲಿ ಬರೆಯುವುದಿಲ್ಲ. ಒಬ್ಬ ಬುಲೆಟ್ ತಂದಿದ್ದ. ಎಲ್ಲರೂ ನಕ್ಕಾಗ ನಾನು ಅವನ ಪರ ನಿಂತೆ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರದ ಸಸ್ಪೆನ್ಷನ್) ಇದ್ದ ಬುಲೆಟ್ ಮೊದಲು ಕಾಣಿಸಿಕೊಂಡದ್ದೇ 1948ರಲ್ಲಿ ಇಂಗ್ಲೆಂಡಿನ ಒಂದು ಟ್ರಯಲ್ಸ್‌ನಲ್ಲಿ. ಅಲ್ಲಿನ ಸವಾರ ಜಾನಿ ಬ್ರಿಟನ್ ರಾಯಲ್ ಎನ್‌ಫೀಲ್ಡ್ ಓಡಿಸಿಯೇ 1952 ಮತ್ತು 1957ರಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ಸ್ ಗೆದ್ದದ್ದು. ಇಷ್ಟೆಲ್ಲಾ ಹೇಳಿ ಹುರಿದುಂಬಿಸಿದೆ. ಮೂರನೇ ಸೆಕ್ಷನ್‌ನಲ್ಲಿ ನಮ್ಮ ಗೆಳೆಯ ಹಳ್ಳದಲ್ಲಿ ಕೂತು ನೀರು ಕೇಳಿದ.

ಸೆಪ್ಟೆಂಬರ್‌ನ ಆ ಭಾನುವಾರ 26 ಜನ. ಎಂಟು ಸೆಕ್ಷನ್, ಎಂಟು ಅಬ್ಸರ್ವರ್. ಯಾವ ಸೆಕ್ಷನ್ನೂ 30 ಮೀಟರ್ ದಾಟಲಿಲ್ಲ, ಯಾಕಂದರೆ ಒಬ್ಬರೇ ನಿಂತು ಎರಡೂ ಕಾಲು ನೋಡಬೇಕು. ಎಲ್ಲರನ್ನೂ ಒಂದನೇ ಸೆಕ್ಷನ್‌ನಲ್ಲಿ ಸಾಲು ನಿಲ್ಲಿಸಲಿಲ್ಲ, ಮೂರು ನಾಲ್ಕು ಜನರನ್ನು ಒಂದೊಂದು ಸೆಕ್ಷನ್‌ನಿಂದ ಶುರು ಮಾಡಿಸಿದೆ. ಎಂಟೂವರೆಗೆ ಶುರು, ಒಂದೂವರೆಗೆ ಮುಗಿಯಿತು. ಮಧ್ಯೆ ಅರ್ಧ ಗಂಟೆ ಮಳೆ ಬಂದರೂ ಕಾರ್ಡ್‌ಗಳಿಗೆ ಏನೂ ಆಗಲಿಲ್ಲ.

ಎಡವಟ್ಟು ಆಗಲಿಲ್ಲ ಅಂತಲ್ಲ. ಹಿಂದಿನ ಸಂಜೆ ನೆಟ್ಟ ರಟ್ಟಿನ ಬಾಣಗಳನ್ನು ಬೆಳಿಗ್ಗೆ ಆಡುಗಳು ತಿಂದು ಮುಗಿಸಿದ್ದವು. ಐದನೇ ಸೆಕ್ಷನ್‌ನ ಒಂದು ಗೇಟ್‌ನಲ್ಲಿ (ಎರಡು ಗುರುತುಗಳ ಮಧ್ಯೆ ಹಾದು ಹೋಗಬೇಕಾದ ಜಾಗ) ಕೆಂಪು ಎಡಕ್ಕೆ, ನೀಲಿ ಬಲಕ್ಕೆ ನೆಟ್ಟಿದ್ದೆ. ನಾನೇ ನೆಟ್ಟದ್ದು, ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಒಂಬತ್ತು ಜನ ಹೋದ ಮೇಲೆ ಅಲ್ಲಿದ್ದ ಹುಡುಗಿ "ಸಾರ್, ಕೆಂಪು ಬಲಕ್ಕೆ ಅಂದಿದ್ರಿ ಅಲ್ವಾ?" ಅಂತ ಕೇಳಿದಳು. ಆ ಸುತ್ತಿಗೆ ಐದನೇ ಸೆಕ್ಷನ್ ಎಲ್ಲರಿಗೂ ರದ್ದು. ಕಾಲು ಊರದೆ ಕ್ಲೀನ್ ಮಾಡಿದ್ದ ಇಬ್ಬರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಮಜಾ ಬಂದದ್ದು ಹಾಲಿನವನಿಂದ. ಕ್ಯಾನ್ ಇಳಿಸಲು ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬಂದಿದ್ದ. ನೋಡುತ್ತಾ ನಿಂತವನನ್ನು ಸುಮ್ನೆ ಕರೆದೆ, ಹೆಲ್ಮೆಟ್ ಕೊಟ್ಟೆ. ಕೆಸರಿನ ನಾಲ್ಕನೇ ಸೆಕ್ಷನ್ ಕ್ಲೀನ್. ಮರಗಳ ಮಧ್ಯದ ಏಳನೆಯದೂ ಕ್ಲೀನ್. ದಿನಾ ಇದೇ ದಾರಿ, ಹಿಂದೆ 40 ಲೀಟರ್ ಹಾಲು ಬೇರೆ. ಬಂಡೆ ಮೆಟ್ಟಿಲು ಬಂದಾಗ ಮಾತ್ರ ಕ್ಲಚ್ ಇಲ್ಲದೆ ಮುಂದಿನ ಚಕ್ರ ಎತ್ತಲಾಗದೆ ಐದು. ಮುಂದಿನ ಸಲ ಎಕ್ಸ್‌ಎಲ್‌ಗೇ ಬೇರೆ ಕ್ಲಾಸ್ ಮಾಡುತ್ತೇನೆ.

ಮೊದಲ ಸ್ಥಾನಕ್ಕೆ ಇಬ್ಬರದೂ 31. ಹಳೇ ಕಾಲವಾಗಿದ್ದರೆ ಇಲ್ಲೇ ರಾತ್ರಿಯಾಗುತ್ತಿತ್ತು. ಪಟ್ಟಿಗಳನ್ನು ಬೆಳಕಿಗೆ ಹಿಡಿದೆವು. ಕ್ಲೀನ್ ಸಮ. ಒಂದುಗಳು ಒಬ್ಬನಿಗೆ ಐದು, ಇನ್ನೊಬ್ಬನಿಗೆ ನಾಲ್ಕು. ಒಂದುಗಳು ಜಾಸ್ತಿ ಇದ್ದವನು ಗೆದ್ದ. ಎರಡು ನಿಮಿಷದ ಕೆಲಸ. ಶುರುವಿನಿಂದ ಯಾರು ಜಾಸ್ತಿ ದೂರ ಕ್ಲೀನ್ ಹೋದರು ಅನ್ನುವ ಬ್ರಿಟಿಷ್ ಪದ್ಧತಿ ನಮಗೆ ಹೊಂದುವುದಿಲ್ಲ, ಎಲ್ಲರೂ ಬೇರೆ ಬೇರೆ ಕಡೆಯಿಂದ ಶುರು ಮಾಡಿರುತ್ತಾರಲ್ಲ.

ಲೆಕ್ಕ ನೆನಪಿದ್ದ ಹಾಗೆ ಹೇಳುತ್ತೇನೆ. ಎಂಟ್ರಿ 500ರಂತೆ 13 ಸಾವಿರ ಬಂತು. ಮುದ್ದೆ, ಬಸ್ಸಾರು, ಮಜ್ಜಿಗೆಗೆ 4,500. ಅಬ್ಸರ್ವರ್‌ಗಳಿಗೆ ತಲಾ 500. ಆಂಬುಲೆನ್ಸ್ 2,500, ಇದರಲ್ಲಿ ಮಾತ್ರ ಚೌಕಾಸಿ ಬೇಡ. ಫ್ಲೆಕ್ಸ್, ಟೇಪು, ಬಿದಿರು 900. ಬಹುಮಾನಕ್ಕೆ ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್, 800. ಜಮೀನಿನವರು ಬಾಡಿಗೆ ಬೇಡ ಅಂದರು, ಅವರ ಟಿಲ್ಲರ್ ಸರ್ವಿಸ್ ಮಾಡಿಕೊಟ್ಟೆ. ಪಂಚ್‌ಗಳ ದುಡ್ಡು ನನ್ನ ಜೇಬಿನದು, ಅದನ್ನು ಸೇರಿಸಿಲ್ಲ. 300 ರೂಪಾಯಿ ಉಳಿಯಿತು.

ನಾನೂ ಓಡಿಸಿದ್ದೆ. ಕಂಡಕ್ಟರ್ ಇದ್ದ ಆರನೇ ಸೆಕ್ಷನ್‌ನಲ್ಲಿ ಒಂದೇ ಒಂದು ಡ್ಯಾಬ್, ಭಾರೀ ಖುಷಿಯಲ್ಲಿ ಹೊರಗೆ ಬಂದೆ. ಅವರು ಐದೂ ಬೆರಳು ತೋರಿಸಿದರು. ಹಿಂದಿನ ಚಕ್ರ ಟೇಪ್ ದಾಟಿತ್ತಂತೆ. "ಇಲ್ಲ ಸಾರ್, ಕೂಟ ನಡೆಸ್ತಿರೋದೇ ನಾನು" ಅಂತ ಬಾಯಿಗೆ ಬಂದೇಬಿಟ್ಟಿತು. ಅವರು ಪಟ್ಟಿ ಎಳೆದುಕೊಂಡು ಟಕ್ ಅಂತ ಪಂಚ್ ಒತ್ತಿದರು. "ಟಿಕೆಟ್ ಹರಿದಾಯ್ತು, ಮುಂದೆ ಹೋಗಿ, ಮುಂದೆ ಹೋಗಿ" ಅಂದರು.